ಟಿವಿ ಗಾಲ್ಫ್‌ನಲ್ಲಿ ‘ಪಿನ್‌ಗೆ 142 ಯಾರ್ಡ್’ ಅಂತ ಅಷ್ಟು ಬೇಗ ಹೇಗೆ ಗೊತ್ತಾಗುತ್ತದೆ?

ಚೆಂಡು ನಿಂತ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ದೂರ ಬರುತ್ತದಲ್ಲ, ಯಾರಾದರೂ ಓಡಿಹೋಗಿ ಅಳೆಯುತ್ತಾರಾ ಅಂತ ಕೇಳಿದ್ದೀರಿ. ಇಲ್ಲ. ಚೆಂಡಿನಿಂದ ಪಿನ್‌ವರೆಗಿನ (ಗುಳಿಯಲ್ಲಿ ನೆಟ್ಟ ಬಾವುಟದ ಕೋಲಿನವರೆಗಿನ) ದೂರವನ್ನು ಆ ಹೊತ್ತಿಗೆ ಯಾರೂ ಅಳೆಯುವುದೇ ಇಲ್ಲ. ಚೆಂಡು ಎಲ್ಲಿದೆ ಅನ್ನುವುದನ್ನಷ್ಟೇ ಹಿಡಿಯುತ್ತಾರೆ, ಉಳಿದದ್ದು ಲೆಕ್ಕ.

ನಾನು ಪುಣೆಯಲ್ಲಿ ರಸ್ತೆ ಕೆಲಸಗಳಿಗೆ ಸರ್ವೇ ಮಾಡುವವನು. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್‌ನಲ್ಲಿ ಹೊಡೆತಗಳನ್ನು ದಾಖಲಿಸುವ ಶಾಟ್‌ಲಿಂಕ್ ವ್ಯವಸ್ಥೆ ನೋಡಿದರೆ, ಕೋನ, ದೂರ ಅಳೆಯುವ ನಮ್ಮ ಟೋಟಲ್ ಸ್ಟೇಷನ್ ಉಪಕರಣದ ಕೆಲಸವೇ ಅನ್ನಿಸುತ್ತದೆ. ಪಂದ್ಯಕ್ಕೆ ಮುಂಚೆಯೇ ಇಡೀ ಕೋರ್ಸಿನ ಡಿಜಿಟಲ್ ನಕ್ಷೆ ತಯಾರಾಗಿರುತ್ತದೆ. ಪಿನ್ ಜಾಗ ದಿನಾ ಬದಲಾಗುವುದರಿಂದ ಅದನ್ನೂ ಟೀ (ಮೊದಲ ಹೊಡೆತದ ಜಾಗ) ಗುರುತುಗಳನ್ನೂ ಆಯಾ ದಿನ ಸೇರಿಸುತ್ತಾರೆ. ವರ್ಷಗಟ್ಟಲೆ ಹಗ್ಗದಾಚೆ ಸ್ವಯಂಸೇವಕರು ಟ್ರೈಪಾಡ್ ಮೇಲೆ ಲೇಸರ್ ಇಟ್ಟು ನಿಂತಿರುತ್ತಿದ್ದರು. ಲೇಸರ್ ಇಟ್ಟ ಬಿಂದು ನಕ್ಷೆಯಲ್ಲಿ ಗೊತ್ತಿರುತ್ತದೆ. ಚೆಂಡಿನತ್ತ ಗುರಿಯಿಟ್ಟು ಒತ್ತಿದರೆ ಕೋನ, ದೂರ ಎರಡೂ ಸಿಗುತ್ತವೆ, ಚೆಂಡು ನಕ್ಷೆಯ ಮೇಲೆ ಕೂರುತ್ತದೆ. ಈಚೆಗೆ ಆ ಕೆಲಸದ ಬಹುಪಾಲು ಕ್ಯಾಮೆರಾ, ರೇಡಾರ್‌ಗಳಿಗೆ ಹೋಗಿದೆ. ತತ್ವ ಮಾತ್ರ ಅದೇ. ಗುಳಿ ಸುತ್ತಲಿನ ನುಣುಪು ಹುಲ್ಲಿನ ಜಾಗ, ಅಂದರೆ ಗ್ರೀನ್ ಮೇಲೆ, ಅಡಿ, ಇಂಚುಗಳಲ್ಲಿ ಪಟ್‌ನ (ಚೆಂಡನ್ನು ಗುಳಿಯತ್ತ ಉರುಳಿಸುವ ಹೊಡೆತದ) ದೂರ ತೋರಿಸುವುದೂ ಹೀಗೇ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಪಾರ್ 4 (ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ), 420 ಯಾರ್ಡ್ ಹೋಲ್; ಹೋಲ್ ಅಂದರೆ ಇಲ್ಲಿ ಟೀಯಿಂದ ಗುಳಿವರೆಗಿನ ಇಡೀ ಆಟದ ದಾರಿ. ಆಟಗಾರ 270 ಹೊಡೆದ. ಉಳಿದದ್ದು 150 ಇರಬೇಕು, ಪರದೆ 97 ಅನ್ನುತ್ತದೆ. ಇಂಥದ್ದೊಂದು ಹೋಲ್ ನೋಡುತ್ತಾ ನಮ್ಮ ಹುಬ್ಬಳ್ಳಿ ಗೆಳೆಯ, “ಲೇ, ಐವತ್ಮೂರು ಯಾರ್ಡ್ ಯಾರ್ ನುಂಗಿದ್ರು?” ಅಂದ. ಯಾರೂ ನುಂಗಿಲ್ಲ. ಅದು ಡಾಗ್‌ಲೆಗ್, ಅಂದರೆ ನಡುವೆ ತಿರುವಿರುವ ಹೋಲ್. ಹೋಲ್‌ನ ಉದ್ದವನ್ನು ಆಡುವ ದಾರಿಗುಂಟ, ತಿರುವಿನಲ್ಲಿ ಬಾಗಿ ಅಳೆಯುತ್ತಾರೆ. ಟೀಯಿಂದ ತಿರುವಿಗೆ 260, ಅಲ್ಲಿಂದ 60 ಡಿಗ್ರಿ ಹೊರಳಿ ಗ್ರೀನ್‌ಗೆ 160, ಒಟ್ಟು 420. ಆದರೆ ಟೀಯಿಂದ ಗ್ರೀನ್‌ಗೆ ನೇರ ಗೆರೆ ಎಳೆದರೆ ಸುಮಾರು 367 ಮಾತ್ರ. ಆಟಗಾರ ಮರಗಳ ಮೇಲಿಂದ ಮೂಲೆ ಕತ್ತರಿಸಿ ಗ್ರೀನ್‌ನತ್ತಲೇ ಹೊಡೆದಿದ್ದಾನೆ. ಹೊಡೆತದ ದೂರ, ಉಳಿದ ದೂರ ಎರಡೂ ನೇರ ಗೆರೆಯವು, ಕಾರ್ಡಿನ ಉದ್ದ ಬಾಗಿದ ಗೆರೆಯದು. ಕೂಡಿಸಿದರೆ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಆಕಾಶದಲ್ಲಿ ಚೆಂಡಿನ ಹಿಂದೆ ಎಳೆಯುವ ಬಣ್ಣದ ಗೆರೆ ಬೇರೆಯೇ ಸಂಗತಿ. ಸ್ವೀಡನ್ ಮೂಲದ ಟಾಪ್‌ಟ್ರೇಸರ್ ಕ್ಯಾಮೆರಾದಿಂದ ಚೆಂಡನ್ನು ಹಿಂಬಾಲಿಸುತ್ತದೆ, ಡೆನ್ಮಾರ್ಕ್‌ನ ಟ್ರ್ಯಾಕ್‌ಮ್ಯಾನ್ ಡಾಪ್ಲರ್ ರೇಡಾರ್‌ಗೆ ಹೆಸರಾದದ್ದು. ಅಲ್ಲಿ ‘ಕ್ಯಾರಿ’ ಅಂತ ಬಂದರೆ ಚೆಂಡು ನೆಲ ಮುಟ್ಟುವವರೆಗಿನ ದೂರ, ಉರುಳಿದ್ದು ಸೇರಿಲ್ಲ. ಗಟ್ಟಿ ಫೇರ್‌ವೇ (ಹುಲ್ಲು ಕತ್ತರಿಸಿದ ಮುಖ್ಯ ದಾರಿ) ಮೇಲೆ ಕ್ಯಾರಿಗೂ ಉರುಳಿದ್ದು ಸೇರಿದ ಒಟ್ಟು ದೂರಕ್ಕೂ ವ್ಯತ್ಯಾಸ ಸಾಕಷ್ಟಿರುತ್ತದೆ.

ಟೀಯಿಂದ ಹೊಡೆದ ಹೊಡೆತಗಳ ಸರಾಸರಿ ದೂರ ಹೇಳುವ ಟೂರ್‌ನ ‘ಡ್ರೈವಿಂಗ್ ಡಿಸ್ಟೆನ್ಸ್’ ಅಂಕಿಯನ್ನು ಮಾತ್ರ ನಾನು ಅಷ್ಟು ನೆಚ್ಚುವುದಿಲ್ಲ. ಅದಕ್ಕೆ ಆಟದ ಒಂದೊಂದು ಸುತ್ತಿನಲ್ಲೂ ಎರಡೇ ಹೋಲ್ ಲೆಕ್ಕಕ್ಕೆ. ಗಾಳಿಯ ಪ್ರಭಾವ ಸರಿದೂಗಲಿ ಅಂತ ಎದುರುಬದುರು ದಿಕ್ಕಿನವನ್ನು ಆರಿಸುತ್ತಾರೆ, ಒಪ್ಪೋಣ. ಆದರೆ ಚೆಂಡು ರಫ್‌ನಲ್ಲಿ (ಅಂಚಿನ ಉದ್ದ ಹುಲ್ಲಿನಲ್ಲಿ) ಬಿದ್ದರೂ ಎಣಿಕೆ, ಅತಿ ದೂರ ಹೊಡೆಯುವ ಕ್ಲಬ್ ಡ್ರೈವರ್ ಬಿಟ್ಟು ಅದಕ್ಕಿಂತ ಕಡಿಮೆ ದೂರದ 3-ವುಡ್‌ನಿಂದ ಹೊಡೆದರೂ ಎಣಿಕೆ.

ಪರದೆಯ ದೂರದಲ್ಲಿ ನೆಲದ ಏರು ತಗ್ಗೂ ಸೇರಿರುತ್ತದಾ ಅಂತಲೂ ಕೇಳಿದ್ದೀರಿ. ಇಲ್ಲ. ನಕ್ಷೆಯ ದೂರ ಸಮತಲದ್ದು. ಗ್ರೀನ್ ದಿಣ್ಣೆ ಮೇಲಿದ್ದರೆ 165 ಯಾರ್ಡ್‌ಗೆ 175 ಯಾರ್ಡ್ ಹೊಡೆಯುವ ಕ್ಲಬ್ ಬೇಕಾಗಬಹುದು. ಆ ಹೆಚ್ಚುವರಿ ಹತ್ತು ಯಾರ್ಡನ್ನು ಆಟಗಾರನ ಸಹಾಯಕ ಕ್ಯಾಡಿ ತನ್ನ ಯಾರ್ಡೇಜ್ ಪುಸ್ತಕ (ಕೋರ್ಸಿನ ದೂರಗಳ ಕೈಪಿಡಿ) ನೋಡಿ, ಗಾಳಿ ನೋಡಿ ಅಂದಾಜು ಹಾಕುತ್ತಾನೆ. ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ 2021ರಿಂದ ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್‌ಗೆ ಅನುಮತಿ ಕೊಟ್ಟಾಗಲೂ ಇಳಿಜಾರಿನ ಲೆಕ್ಕ ಹೇಳುವ ಸೌಲಭ್ಯವನ್ನು ಬಂದ್ ಇಡಬೇಕೆಂದೇ ಹೇಳಿದ್ದರು.