ಫ್ಯೂಯಲ್ ಪಂಪೂ ಬೇಡ, ಇಸಿಎಮ್ಮೂ ಬೇಡ

ಕಾರು ಹೈವೇಲಿ 80ರಲ್ಲಿ ಚೆನ್ನಾಗಿ ಓಡುತ್ತೆ, ಹಂಪ್ ಬಂತು ಅಂತ ಕ್ಲಚ್ ಒತ್ತಿದರೆ ಆಫ್ ಆಗುತ್ತೆ, ಎಂಜಿನ್‌ಗೆ ಪೆಟ್ರೋಲ್ ಕಳಿಸೋ ಪಂಪ್ ಬದಲಿಸಲಾ, ಎಂಜಿನ್ ನೋಡಿಕೊಳ್ಳೋ ಕಂಪ್ಯೂಟರ್ ಆದ ಇಸಿಎಂ ಬದಲಿಸಲಾ ಅಂತ ಕೇಳಿದ್ದೀರಿ. ನನ್ನ ಕಾರು ಮೊದಲ ಸಲ ಹೀಗೆ ಆಫ್ ಆಗಿದ್ದು ಕುಡತಿನಿ ಊರೊಳಗಿನ ಹಂಪ್ ಮೇಲೆ. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಹೋಗಿ ಬರುತ್ತಿದ್ದೆ. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ. ಸಾಯಂಕಾಲ ಮನೆಗೆ ಬಂದು ಮುಖ ತೊಳೆದರೆ ನೀರು ಕೆಂಪಗೆ ಹೋಗುತ್ತಿತ್ತು. ನನ್ನ ಮೂಗು ಸೇರಿದ ಧೂಳು ಎಂಜಿನ್ ಮೂಗನ್ನೂ ಸೇರುತ್ತೆ ಅನ್ನೋದು ಆಗ ಹೊಳೆಯಲಿಲ್ಲ.

ಆಮೇಲೆ ವಾರಕ್ಕೆ ಎರಡು ಸಲ, ನಂತರ ದಿನಕ್ಕೆ ಎರಡು ಸಲ ಆಫ್ ಆಗತೊಡಗಿತು. ಪ್ರತಿ ಸರ್ಕಲ್‌ನಲ್ಲೂ ಹಿಂದಿನವರ ಹಾರ್ನ್ ಕೇಳಿ ಸಾಕಾಗಿತ್ತು. ಆಗಲೇ ನಾನು ಆ ತಪ್ಪು ಮಾಡಿದ್ದು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ನಿಮಗೂ ಯಾರಾದರೂ ಇದೇ ಸಲಹೆ ಕೊಟ್ಟೇ ಕೊಡುತ್ತಾರೆ.

ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ಹತೋಟಿ ಮಾಡೋ ಥ್ರಾಟಲ್ ಬಾಡಿ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತೆ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ತಟ್ಟೆ ಎಲ್ಲಿಗೆ ಬಂದು ನಿಲ್ಲಬೇಕು ಅನ್ನೋದನ್ನು ಅದು ನಿಗದಿ ಮಾಡುತ್ತೆ. ಹಳೆ ಬೈಕಿನ ಕಾರ್ಬ್ಯುರೇಟರ್‌ನಲ್ಲಿ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗೋ ವೇಗ) ಏರಿಸಿದ ಹಾಗೆ ನಾನು ಅದನ್ನು ಅರ್ಧ ಸುತ್ತು ಒಳಗೆ ತಿರುಗಿಸಿದೆ. ಐಡ್ಲಿಂಗ್ ಏರಿತು. ಗಾಡಿ ಆಫ್ ಆಗೋದು ನಿಂತಿತು. ಜನವರಿ ತಿಂಗಳು, ಎಸಿ ಬೇಕಿರಲಿಲ್ಲ. ರಿಪೇರಿ ಆಯ್ತು ಅಂದುಕೊಂಡೆ.

ಆಗಿದ್ದೇನು ಅಂದ್ರೆ, ನನ್ನ ಕಾರಿನಂಥ, ಪೆಡಲ್‌ನಿಂದ ಕೇಬಲ್ ಎಳೆಯೋ ಗಾಡಿಗಳಲ್ಲಿ ಕಾಲು ಪೂರ್ತಿ ತೆಗೆದಾಗ ಎಂಜಿನ್ ಉಸಿರಾಡೋದು ಪಕ್ಕದ ಒಂದು ಸಣ್ಣ ದಾರಿಯಲ್ಲಿ. ಅಲ್ಲಿನ ಐಡಲ್ ವಾಲ್ವ್ ಎಷ್ಟು ತೆರೆಯಬೇಕು ಅಂತ ಇಸಿಎಂ ಹೇಳುತ್ತೆ. ಎಸಿ ಹಾಕಿದರೆ, ಹೆಡ್‌ಲೈಟ್ ಹಾಕಿದರೆ, ರೇಡಿಯೇಟರ್ ಫ್ಯಾನ್ ತಿರುಗಿದರೆ ಅದು ಇನ್ನಷ್ಟು ಗಾಳಿ ಬಿಡುತ್ತೆ. ನಾನು ಸ್ಕ್ರೂ ತಿರುಗಿಸಿದ್ದರಿಂದ ತಟ್ಟೆ ಯಾವಾಗಲೂ ಒಂದು ಕೂದಲೆಳೆ ತೆರೆದೇ ಇತ್ತು. ಕಾಲು ಇನ್ನೂ ಪೆಡಲ್ ಮೇಲಿದೆ ಅಂತ ಇಸಿಎಂ ತಿಳಿದುಕೊಂಡಿತು. ಐಡ್ಲಿಂಗ್ ನೋಡಿಕೊಳ್ಳೋ ಕೆಲಸವನ್ನೇ ಅದು ಬಿಟ್ಟುಬಿಟ್ಟಿತು. ಧೂಳು ಕಟ್ಟಿಕೊಂಡಿದ್ದ ಆ ಸಣ್ಣ ಗಾಳಿ ದಾರಿ ಹಾಗೇ ಮುಚ್ಚಿಕೊಂಡಿತ್ತು. ರೋಗ ಹಾಗೇ ಇತ್ತು, ಲಕ್ಷಣ ಮಾತ್ರ ಹೋಗಿತ್ತು.

ಮಾರ್ಚ್ ಕೊನೆ. ಹೆಂಡತಿ, ಮಗಳ ಜೊತೆ ಸಂಡೂರು ದಾರಿಯಲ್ಲಿದ್ದೆ. ಎಸಿ ಫುಲ್. ಇಳಿಜಾರಿನಲ್ಲಿ ಲಾರಿ ಹಿಂದೆ ನಿಧಾನ ಮಾಡಿದೆ, ಎಂಜಿನ್ ಆಫ್. ಎಸಿ ಬ್ಲೋವರ್ ಸದ್ದಿನಲ್ಲಿ ಅದು ಗೊತ್ತೇ ಆಗಲಿಲ್ಲ. ಎಂಜಿನ್ ನಿಂತ ಮೇಲೆ ಬ್ರೇಕ್ ಹಗುರ ಮಾಡೋ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತಲು ಸಾಕು, ಅಷ್ಟೇ. ನಾನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅದನ್ನು ಖಾಲಿ ಮಾಡಿದ್ದೆ. ನಾಲ್ಕನೇ ಸಲ ಪೆಡಲ್ ಕಲ್ಲಿನ ಹಾಗಿತ್ತು. ಸ್ಟೀರಿಂಗೂ ಭಾರ. ಲಾರಿ ಹಿಂಭಾಗಕ್ಕೆ ಹೋಗಿ ತಾಗಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಸೇರಿ 28,000 ರೂಪಾಯಿ. ಮಗಳು ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ.

ಬಳ್ಳಾರಿ ಕೌಲ್ ಬಜಾರ್‌ನ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಾನೆಟ್ ತೆಗೆದು ನೋಡಿದ ಕೂಡಲೇ ಕೇಳಿದರು, "ಈ ಸ್ಕ್ರೂ ಯಾರ್ ತಿರುವ್ಯಾರಪ್ಪಾ?" ಥ್ರಾಟಲ್ ಬಾಡಿ ಬಿಚ್ಚಿ ಒಳಗೆ ಬಟ್ಟೆ ಆಡಿಸಿದರು. ಕುಂಕುಮಕ್ಕೆ ಸುಟ್ಟ ಎಣ್ಣೆ ಕಲಸಿದ ಹಾಗೆ ಕೆಂಪು ಕಪ್ಪು ಲೇಪ ಬಂತು. ಏರ್ ಫಿಲ್ಟರ್ ಡಬ್ಬದ ಕ್ಲಿಪ್ ಒಂದು ಮುರಿದಿತ್ತು, ಧೂಳು ಆ ಸಂದಿನಿಂದ ನುಗ್ಗಿತ್ತು. ಎಂಜಿನ್‌ನಿಂದ ವಾಪಸ್ ಬರೋ ಎಣ್ಣೆಯ ಹಬೆ ಅದನ್ನು ಅಂಟಿಸಿತ್ತು. ಕ್ಲೀನರ್ ಸ್ಪ್ರೇ, ಹಳೆ ಹಲ್ಲುಜ್ಜೋ ಬ್ರಷ್, ಹೊಸ ಫಿಲ್ಟರ್, ಹೊಸ ಕ್ಲಿಪ್. ಸ್ಕ್ರೂ ಮತ್ತೆ ತನ್ನ ಜಾಗಕ್ಕೆ. ಎರಡು ಗಂಟೆ ಕೆಲಸ, 900 ರೂಪಾಯಿ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಪಂಪ್ ಸೋತಿದ್ದರೆ ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಎಳೆಯಬಾರದಿತ್ತು. ಪೆಟ್ರೋಲ್ ಜಾಸ್ತಿ ಬೇಕಾಗೋದು ಆಗ ಅಲ್ವಾ? ನಿಮ್ಮದು 80ರಲ್ಲಿ ಆರಾಮಾಗಿ ಓಡುತ್ತಿದೆ. ಇಸಿಎಂ ಅಂತೂ ಕಟ್ಟಕಡೆಯ ಮಾತು. ಸ್ಕ್ಯಾನರ್ ಹಾಕಿಸಿ. ಪಿ0505 ಅಥವಾ ಪಿ0506 ಅನ್ನೋ ದೋಷದ ಕೋಡ್ ಬಂದರೆ ಐಡ್ಲಿಂಗ್ ಗಾಳಿಯ ಕಡೆಯೇ ಹುಡುಕಬೇಕು. ಕೋಡ್ ಬರದಿದ್ದರೂ ಮೊದಲು ಥ್ರಾಟಲ್ ಬಾಡಿ ಬಿಚ್ಚಿಸಿ. ನಿಂತಲ್ಲೇ ಬ್ರೇಕ್ ಒತ್ತಿ ಹಿಡಿದಾಗ ಎಂಜಿನ್ ಕುಸಿದು ಬುಸ್ ಅನ್ನೋ ಸದ್ದು ಬಂದರೆ ಬೂಸ್ಟರ್ ಸೋರುತ್ತಿದೆ, ಅದು ಬೇರೆ ವಿಷಯ. ಬಿಸಿಯಾದ ಮೇಲೆ ಓಡುತ್ತಲೇ ನಿಂತು, ಅರ್ಧ ಗಂಟೆ ಸ್ಟಾರ್ಟ್ ಆಗದಿದ್ದರೆ ಎಂಜಿನ್ ತಿರುಗೋದನ್ನು ಇಸಿಎಂಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್ ನೋಡಿಸಿ.

ಅಲ್ಲಿವರೆಗೆ ಗಾಡಿ ಆಫ್ ಆದರೆ ಬ್ರೇಕ್ ಬಿಟ್ಟು ಬಿಟ್ಟು ಒತ್ತಬೇಡಿ. ಒಂದೇ ಸಲ ಒತ್ತಿ ಹಿಡಿದು ನಿಲ್ಲಿಸಿ. ಮತ್ತೆ ಇವತ್ತೇ ಬಾನೆಟ್ ತೆಗೆದು ಆ ಸ್ಕ್ರೂ ನೋಡಿ. ತುಂಬಾ ಗಾಡಿಗಳಲ್ಲಿ ಕಂಪನಿಯವರು ಅದರ ಮೇಲೆ ಪೇಂಟ್ ಗುರುತು ಹಾಕಿರುತ್ತಾರೆ. ಆ ಪೇಂಟ್ ಒಡೆದಿದ್ದರೆ ಯಾರೋ ಆಗಲೇ ತಿರುಗಿಸಿದ್ದಾರೆ. ಮೆಕ್ಯಾನಿಕ್ ಹತ್ತಿರ ಹೋದಾಗ ಮೊದಲು ಅದನ್ನೇ ಹೇಳಿ.