ಚೆಸ್ ಪ್ರಶ್ನೋತ್ತರ: ಗಂಡ-ಹೆಂಡತಿ ಆಡಿದ ಆಟ, ಆಮೇಲಿನ ಲೆಕ್ಕ

ಪ್ರಶ್ನೆ: ರಾತ್ರಿ ಊಟವಾದ ಮೇಲೆ ನಾನು, ನನ್ನ ಹೆಂಡತಿ ಚೆಸ್ ಆಡುತ್ತೇವೆ. ಅವಳು ಬಿಳಿ ಕಾಯಿ ಹಿಡಿದರೆ ಸಾಕು, ಐದಾರು ನಡೆಯಲ್ಲೇ ನನ್ನ ಆನೆ ಹೋಗಿರುತ್ತದೆ. ನಡೆಗಳು ಹೀಗಿವೆ (ಕು ಎಂದರೆ ಕುದುರೆ, ಒಂ ಒಂಟೆ, ಮಂ ಮಂತ್ರಿ, ರಾ ರಾಜ, ಕಾಯಿಯ ಹೆಸರಿಲ್ಲದ್ದು ಕಾಲಾಳು, × ಎಂದರೆ ಹೊಡೆತ; ಮನೆಗಳ ಹೆಸರು ಬಿಳಿಯ ಎಡದಿಂದ ಎ–ಎಚ್, ಬಿಳಿಯ ಕಡೆಯಿಂದ 1–8): 1. ಇ4 ಇ5 2. ಕು-ಎಫ್3 ಕು-ಸಿ6 3. ಒಂ-ಸಿ4 ಕು-ಎಫ್6 4. ಕು-ಜಿ5 ಎಚ್6 5. ಕು×ಎಫ್7. ನಾನು ಎಡವಿದ್ದು ಎಲ್ಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಾಲ್ಕನೇ ನಡೆಯಲ್ಲಿ, ಎಚ್6 ಆಡಿದಾಗ. ಕುದುರೆಯನ್ನು ಗದರಿಸಿ ಓಡಿಸೋಣ ಎಂದುಕೊಂಡಿರಿ. ಅದು ಬಂದಿದ್ದೇ ಎಫ್7ಕ್ಕೆ ನುಗ್ಗಲು. ಆಟದ ಆರಂಭದಲ್ಲಿ ಎಫ್7ರ ಕಾಲಾಳಿಗೆ ರಾಜನದೊಂದೇ ಕಾವಲು. ಅದರ ಮೇಲೆ ಜಿ5ರ ಕುದುರೆ, ಸಿ4ರ ಒಂಟೆ ಎರಡೂ ಗುರಿಯಿಟ್ಟಿವೆ. ಕುದುರೆ ಹೊಡೆದು ಕೂತ ಮೇಲೆ ಒಂಟೆಯ ಬೆಂಬಲ ಇರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ. ಡಿ8ರ ಮಂತ್ರಿ, ಎಚ್8ರ ಆನೆ ಎರಡೂ ಒಂದೇ ಏಟಿಗೆ ಸಿಗುತ್ತವೆ. ಮಂತ್ರಿಯನ್ನು ಉಳಿಸಿಕೊಂಡರೆ ಆನೆ ಹೋಯಿತು.

ಆಡಬೇಕಾದ್ದು 4... ಡಿ5 (ಮೂರು ಚುಕ್ಕಿ ಎಂದರೆ ಕಪ್ಪಿನ ನಡೆ). ಇದು ಒಂಟೆಯ ದಾರಿಗೆ ಅಡ್ಡ ಬೀಳುತ್ತದೆ. 5. ಇ×ಡಿ5 ಆದಮೇಲೆ ಇನ್ನೊಂದು ಗುಂಡಿ ಇದೆ, ಎಚ್ಚರ. ಕೈ ತಾನಾಗಿಯೇ ಕು×ಡಿ5 ಕಡೆಗೆ ಹೋಗುತ್ತದೆ. ಆಗ ಬಿಳಿಯವರು 6. ಕು×ಎಫ್7 ಎಂದು ಕುದುರೆಯನ್ನೇ ಬಲಿ ಕೊಡುತ್ತಾರೆ. 6... ರಾ×ಎಫ್7 7. ಮಂ-ಎಫ್3 ಚೆಕ್. ಮಂತ್ರಿಯ ಪೆಟ್ಟು ರಾಜನ ಮೇಲೂ ಬಿತ್ತು, ಡಿ5ರ ಕುದುರೆಯ ಮೇಲೂ ಬಿತ್ತು. ಕುದುರೆ ಉಳಿಯಬೇಕಾದರೆ ರಾಜನೇ ಇ6ಕ್ಕೆ, ಅಂದರೆ ನಡುಬಯಲಿಗೆ ಬರಬೇಕು. 8. ಕು-ಸಿ3 ಎಂದು ಒತ್ತಡ ಇನ್ನೂ ಏರುತ್ತದೆ. ಪಳಗಿದವರು ಇದನ್ನೂ ತಡೆದುಕೊಳ್ಳಬಲ್ಲರು, ಊಟವಾದ ಮೇಲಿನ ಆಟದಲ್ಲಿ ಅದು ಕಷ್ಟ.

ಆದ್ದರಿಂದ 5... ಕು-ಎ5 ಆಡಿ ಒಂಟೆಯನ್ನು ಕೆಣಕಿ. 6. ಒಂ-ಬಿ5 ಚೆಕ್ ಸಿ6 7. ಡಿ×ಸಿ6 ಬಿ×ಸಿ6. ನಿಮಗೆ ಒಂದು ಕಾಲಾಳು ಕಡಿಮೆ, ನಿಜ. ಆದರೆ ಬಿ5ರ ಒಂಟೆ ಮತ್ತೆ ಜಾಗ ಬಿಡಬೇಕು. ಅದು ಇ2ಕ್ಕೆ ಹಿಂದೆ ಸರಿದರೆ ಎಚ್6 ಆಡಿ: ಈಗ ಜಿ5ರ ಕುದುರೆಗೆ ಒಂಟೆಯ ಬೆಂಬಲವಿಲ್ಲ, ಎಫ್3ಕ್ಕೆ ಮರಳುತ್ತದೆ, ನೀವು ಇ4 ಎಂದು ಅದನ್ನು ಮತ್ತೆ ಅಟ್ಟಬಹುದು. ಮೊದಲು ಆನೆಯನ್ನು ಕಳೆದ ಎಚ್6 ಇಲ್ಲಿ ಒಳ್ಳೆಯ ನಡೆ.

ಕಾಲಾಳು ಬಿಡಲು ಮನಸ್ಸಿಲ್ಲವೇ? ಮೂರನೇ ನಡೆಯಲ್ಲಿ ಕುದುರೆಯ ಬದಲು ಒಂ-ಸಿ5 ಆಡಿ. ಆಗ ಅವರು 4. ಕು-ಜಿ5 ಆಡಿದರೆ ನಿಮ್ಮ ಮಂತ್ರಿಯಿಂದ ಪುಕ್ಕಟೆಯಾಗಿ ಹೊಡೆಯಬಹುದು.

ಪುಸ್ತಕದಲ್ಲಿ ಬರೀ ನಡೆ ಬರೆದು ಬಿಡಬೇಡಿ. ಸೋತ ನಡೆಯ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ: “ಕುದುರೆ ಓಡಿಸುವ ಆತುರ, ಎಫ್7 ನೋಡಲಿಲ್ಲ.” ಈ ಒಂದು ಸಾಲೇ ಮುಂದಿನ ಆಟದಲ್ಲಿ ನೆನಪಿಗೆ ಬರುವುದು.

ಪ್ರಶ್ನೆ: ನಾವು ಮಣೆಯ ಮೇಲೆ ಆಡಿ ಬರೆದುಕೊಂಡ ನಡೆಗಳನ್ನು ಮೊಬೈಲಿಗೆ ಹಾಕುವಾಗ ಅರ್ಧದಲ್ಲಿ ಆ್ಯಪ್ ಒಪ್ಪುವುದೇ ಇಲ್ಲ. ನಮ್ಮ ಮನೆಯವರು ನನ್ನ ಬರವಣಿಗೆಯೇ ತಪ್ಪು ಎನ್ನುತ್ತಾರೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬರವಣಿಗೆಯೇ ಇರಬಹುದು, ಆಟವೂ ಇರಬಹುದು. ಮೊದಲು ಮಣೆ ಇಟ್ಟ ರೀತಿ ನೋಡಿ. ಆಡುವ ಇಬ್ಬರಿಗೂ ಬಲಗೈ ಮೂಲೆಯಲ್ಲಿ ಬಿಳಿ ಮನೆ ಇರಬೇಕು. ಕಪ್ಪು ಕಾಯಿಯವರು ತಮ್ಮ ಕಡೆಯಿಂದ ಎಣಿಸಿ ಎಂಟನೇ ಸಾಲನ್ನು ಒಂದು ಎಂದು ಬರೆಯುವುದು ಎರಡನೇ ಕಾರಣ. ಮೂರನೆಯದು, ಎರಡು ಕುದುರೆಗಳೂ ಒಂದೇ ಮನೆಗೆ ಹೋಗಬಲ್ಲವಾದಾಗ ಯಾವುದು ಹೋಯಿತೆಂದು ಬರೆಯದಿರುವುದು. ಬಿ1ರಿಂದ ಹೊರಟಿದ್ದರೆ ‘ಕು-ಬಿ-ಡಿ2’ ಎಂದು ಬರೆಯಿರಿ.

ಇವೆಲ್ಲ ಸರಿಯಿದ್ದರೆ ಆ್ಯಪ್ ನಿಂತಲ್ಲಿ ನಿಯಮವೇ ಮುರಿದಿದೆ. ಚೆಕ್ ಇದ್ದಾಗ ಯಾರೂ ಗಮನಿಸದೆ ಬೇರೆ ಕಾಯಿ ಆಡಿದ್ದು ಅಥವಾ ರಾಜ ದಾಟುವ ಮನೆಗೆ ಎದುರಾಳಿಯ ಪೆಟ್ಟಿದ್ದಾಗಲೂ ಕ್ಯಾಸ್ಲಿಂಗ್ (ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ಅವನ ಆಚೆ ಪಕ್ಕಕ್ಕೆ ಇಡುವ ನಡೆ) ಮಾಡಿದ್ದು, ಹೆಚ್ಚಾಗಿ ಈ ಎರಡರಲ್ಲೊಂದು. ಆನೆ ಪೆಟ್ಟಿನ ಕೆಳಗಿದ್ದರೆ ಕ್ಯಾಸ್ಲಿಂಗಿಗೆ ಅಡ್ಡಿಯಿಲ್ಲ, ಆ ಜಗಳ ಬೇಡ. ತಲಾ 30 ನಿಮಿಷ ಇಟ್ಟುಕೊಂಡರೆ ನಿಧಾನವಾಗಿ ಬರೆಯಬಹುದು. 10 ನಿಮಿಷದ ಆಟದಲ್ಲಿ ಬರೆಯಲು ಹೋದರೆ ಎರಡೂ ಕೆಡುತ್ತವೆ. ಪ್ರತಿ ಐದು ನಡೆಗೊಮ್ಮೆ ಗಡಿಯಾರದಲ್ಲಿ ಉಳಿದ ಸಮಯವನ್ನೂ ಗುರುತಿಸಿ. ತಪ್ಪು ನಡೆ ಎಷ್ಟು ಯೋಚಿಸಿ ಆಡಿದ್ದೆಂದು ಆಮೇಲೆ ಗೊತ್ತಾಗುತ್ತದೆ.

ಪ್ರಶ್ನೆ: ಆಟ ಮುಗಿದ ತಕ್ಷಣ ಇವರು ಲಿಚೆಸ್ ಎಂಬ ಚೆಸ್ ತಾಣದಲ್ಲಿ ಕಂಪ್ಯೂಟರ್ ಹಚ್ಚಿ “ನೋಡು, 22ನೇ ನಡೆಯಲ್ಲಿ ನನಗೆ +1.2 ಇತ್ತು, ಗೆದ್ದ ಆಟ ಅದು” ಎನ್ನುತ್ತಾರೆ. ಗೆದ್ದವಳು ನಾನು! ಆ ಅಂಕಿಯ ಅರ್ಥವೇನು?
— ಓದುಗರೊಬ್ಬರು, ಮೈಸೂರು

ಉತ್ತರ: ಒಂದು ಕಾಲಾಳಿಗಿಂತ ತುಸು ಹೆಚ್ಚಿನ ಮೇಲುಗೈ ಎನ್ನುವುದು ಹಳೆಯ ಲೆಕ್ಕ. ಆ ತಾಣದಲ್ಲಿ ವಿಶ್ಲೇಷಣೆ ಮಾಡುವ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಂ 2022ರ 15.1ನೇ ಆವೃತ್ತಿಯಲ್ಲಿ ಅಳತೆಯನ್ನೇ ಬದಲಿಸಿತು. ಈಗ +1 ಎಂದರೆ ತನ್ನಷ್ಟೇ ಬಲದ ಎದುರಾಳಿಯ ವಿರುದ್ಧ ಗೆಲ್ಲುವ ಸಾಧ್ಯತೆ ಶೇ. 50. ಗಮನಿಸಿ, ಆಡುವವರು ಇಬ್ಬರು ಸ್ಟಾಕ್‌ಫಿಶ್‌ಗಳು, ನೀವಿಬ್ಬರಲ್ಲ. ಹದಿನೈದು ನಡೆ ಒಂದನ್ನೂ ತಪ್ಪದೆ ಆಡಿದರೆ ಸಿಗುವ ಮೇಲುಗೈಯನ್ನು ಮನೆಯಲ್ಲಿ ಆಡುವವರು ಗೆದ್ದ ಆಟ ಎನ್ನುವುದು ಅತಿಯಾಯಿತು.

ಕಂಪ್ಯೂಟರನ್ನು ಕೊನೆಗೆ ಕರೆಯಿರಿ. ಮೊದಲು ಇಬ್ಬರೇ ಕೂತು ಆಟವನ್ನು ಮತ್ತೆ ಮಣೆಯ ಮೇಲೆ ಹಚ್ಚಿ, ಸೋತವರು ಮೊದಲು ಮಾತಾಡಲಿ. ಆಟ ತಿರುಗಿತು ಅನಿಸಿದ ಎರಡೋ ಮೂರೋ ಜಾಗ ಗುರುತಿಸಿ. ಪ್ರತಿಯೊಂದರಲ್ಲೂ ಕೇಳಬೇಕಾದ್ದು ಒಂದೇ: “ಈ ನಡೆ ಆಡುವಾಗ ನಾನು ಏನು ಆಡುತ್ತೇನೆಂದು ನಿಮಗೆ ಅನಿಸಿತ್ತು?” ಗಂಡ-ಹೆಂಡತಿ ಆಡುವುದರ ಲಾಭ ಇದೇ. ಅಪರಿಚಿತ ಎದುರಾಳಿ ಆಟ ಮುಗಿದ ಕೂಡಲೇ ಎದ್ದು ಹೋಗುತ್ತಾನೆ, ಇಲ್ಲಿ ಉತ್ತರ ಎದುರಿಗೇ ಕೂತಿದೆ. ಆಮೇಲೆ ಆ ಜಾಗಗಳನ್ನಷ್ಟೇ ಕಂಪ್ಯೂಟರಿಗೆ ತೋರಿಸಿ. 0.3, 0.4ರ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ನಡೆಗೆ ಎರಡಕ್ಕಿಂತ ಹೆಚ್ಚು ಕುಸಿದರೆ ಕಾರಣ ಹುಡುಕಿ, ಬಹುತೇಕ ಯಾವುದೋ ಕಾಯಿ ಕಾವಲಿಲ್ಲದೆ ನಿಂತಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರು ಬಹಳ ಬಲಶಾಲಿ. ಒಂದು ಆನೆ ತೆಗೆದು ಆಡಿದರೆ ಸರಿಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಆಡಲು ಅಡ್ಡಿಯಿಲ್ಲ, ವಿಶ್ಲೇಷಣೆಗೆ ಬರುವುದಿಲ್ಲ. ಆನೆಯಿಲ್ಲದ ಕಡೆಗೆ ಕ್ಯಾಸ್ಲಿಂಗ್ ಹೋಯಿತು, ಆರಂಭದ ನಡೆಗಳ ತರ್ಕವೂ ಬದಲಾಯಿತು. ಸಮಯ ಕಡಿತ ಮಾಡಿ: ಒಬ್ಬರಿಗೆ 25 ನಿಮಿಷ, ಬಲಶಾಲಿಗೆ 5. ಸತತ ಮೂರು ಆಟ ಒಬ್ಬರೇ ಗೆದ್ದರೆ ಅವರದರಿಂದ ಒಂದು ನಿಮಿಷ ತೆಗೆಯಿರಿ.

ಪ್ರಶ್ನೆ: ರಾಜ ಮತ್ತು ಒಂದೇ ಕಾಲಾಳು ಉಳಿದರೆ ನಾವು ಡ್ರಾ ಎಂದು ಕಾಯಿ ಎತ್ತಿಡುತ್ತೇವೆ. ಸರಿಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅವಸರ ಬೇಡ. ಬಿಳಿ ರಾಜ ತನ್ನ ಕಾಲಾಳಿನ ಮುಂದೆ ಆರನೇ ಸಾಲಿನಲ್ಲಿದ್ದರೆ, ಉದಾಹರಣೆಗೆ ರಾಜ ಇ6, ಕಾಲಾಳು ಇ5, ಕಪ್ಪು ರಾಜ ಇ8, ಯಾರ ಸರದಿಯಾದರೂ ಬಿಳಿಗೇ ಗೆಲುವು. ಬಿಳಿಯ ಸರದಿ ಇದ್ದರೆ: 1. ರಾ-ಡಿ6 ರಾ-ಡಿ8 2. ಇ6 ರಾ-ಇ8 3. ಇ7 ರಾ-ಎಫ್7 4. ರಾ-ಡಿ7, ಇನ್ನು ಇ8ರಲ್ಲಿ ಮಂತ್ರಿ ಬರುವುದನ್ನು ತಡೆಯಲಾಗದು. ಅಂಚಿನ ಎ ಅಥವಾ ಎಚ್ ಸಾಲಿನ ಕಾಲಾಳಾಗಿದ್ದು, ಎದುರು ರಾಜ ಅದರ ಮುಂದಿನ ಮೂಲೆ ಹಿಡಿದಿದ್ದರೆ ನಿಮ್ಮ ಹಾಗೆ ಕಾಯಿ ಎತ್ತಿಡಬಹುದು.