ಬ್ಯಾರಲ್ ಕಳ್ಳಿಯ ಹಳದಿ ಹಣ್ಣು

ಪ್ರಶ್ನೆ: ಚಳಿಗಾಲ ಕಳೆಯಲು ಅರಿಜೋನಾದ ಟೂಸಾನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಅಂಗಳದಲ್ಲಿ ದಪ್ಪನೆಯ ಬ್ಯಾರಲ್ ಕಳ್ಳಿ ಇದೆ. ಮುಳ್ಳುಗಳು ಗಾಳದಂತೆ ಬಗ್ಗಿವೆ, ನೆತ್ತಿಯಲ್ಲಿ ಹಳದಿ ಹಣ್ಣುಗಳಿವೆ. ತಿನ್ನಬಹುದೇ? ಕಳ್ಳಿ ಕಡಿದರೆ ಕುಡಿಯುವ ನೀರು ಸಿಗುತ್ತದೆ ಎನ್ನುತ್ತಾರೆ ಅಳಿಯ. ನಿಜವೇ?
– ಓದುಗರೊಬ್ಬರು

ಉತ್ತರ: ಹಣ್ಣನ್ನು ಧಾರಾಳವಾಗಿ ತಿನ್ನಿ ಅಮ್ಮ. ನಾನೂ ಇದೇ ಊರಿನವಳು, ಪ್ರತಿ ಚಳಿಗಾಲದಲ್ಲೂ ಕೀಳುತ್ತೇನೆ. ಪಾಪಾಸುಕಳ್ಳಿ ಹಣ್ಣಿನ ಮೇಲಿರುವ ಸಣ್ಣ ಮುಳ್ಳು ಇದಕ್ಕಿಲ್ಲ. ಆದರೆ ಗಿಡದ ಮುಳ್ಳು ಬಟ್ಟೆಗೆ ಸಿಕ್ಕಿದರೆ ಬಿಡುವುದಿಲ್ಲ, ಕೈ ಹಾಕಬೇಡಿ. ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಮಾಗಿದ್ದರೆ ಸುಲಭವಾಗಿ ಬರುತ್ತದೆ.

ಹಣ್ಣು ಹುಳಿ. ನಿಂಬೆಯ ವಾಸನೆ, ಸ್ವಲ್ಪ ಲೋಳೆ. ತುದಿಯಲ್ಲಿ ಒಣಗಿದ ಹೂವನ್ನು ಕತ್ತರಿಸಿ ತೆಗೆಯಿರಿ. ಹಣ್ಣನ್ನು ಸೀಳಿದರೆ ಒಳಗೆಲ್ಲ ಕಪ್ಪು ಬೀಜ. ಅದನ್ನು ಕೊಡವಿ ಬೇರೆ ಇಡಿ. ಸಿಪ್ಪೆ ಸುಲಿಯಬೇಡಿ. ಸಣ್ಣಗೆ ಹೆಚ್ಚಿ, ಉಪ್ಪು, ಬೆಲ್ಲ, ಮೆಣಸಿನಪುಡಿ ಹಾಕಿ ಬೇಯಿಸಿ. ಸಾಸಿವೆ, ಮೆಂತ್ಯ, ಇಂಗಿನ ಒಗ್ಗರಣೆ ಕೊಡಿ. ಹುಣಸೆಹಣ್ಣೇ ಬೇಡ, ಒಳ್ಳೆ ಗೊಜ್ಜಾಗುತ್ತದೆ. ಬೀಜವನ್ನು ಹುರಿದು ಮೊಸರನ್ನದ ಮೇಲೆ ಉದುರಿಸಿ, ಕಟುಮ್ ಕಟುಮ್ ಅನ್ನುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಇನ್ನು ನೀರಿನ ವಿಷಯ. ದಯವಿಟ್ಟು ಅಳಿಯಂದಿರಿಗೆ ಹೇಳಿ, ಒಳಗೆ ನೀರು ತುಂಬಿಕೊಂಡಿರುವುದಿಲ್ಲ. ಇರುವುದು ಒದ್ದೆ ತಿರುಳು. ಅದರಲ್ಲಿ ಆಕ್ಸಾಲಿಕ್ ಆಮ್ಲ ಇರುತ್ತದೆ. ಅದನ್ನು ಹಿಂಡಿ ಕುಡಿದರೆ ವಾಂತಿ, ಭೇದಿ ಆಗಬಹುದು. ಮರುಭೂಮಿಯಲ್ಲಿ ಬಾಯಾರಿದವರಿಗೆ ಅದೇ ಅಪಾಯ, ಮೈಯಲ್ಲಿದ್ದ ನೀರೂ ಹೋಗುತ್ತದೆ. ನಡೆಯಲು ಹೊರಟರೆ ಮನೆಯಿಂದಲೇ ನೀರು ಒಯ್ಯಿರಿ.

ಕಡಿದರೆ ಗಿಡವೂ ಹೋಯಿತು. ಇದು ಬೆಳೆಯುವುದು ಬಹಳ ನಿಧಾನ. ಪಕ್ಕದ ಮೆಕ್ಸಿಕೋದಲ್ಲಿ ಇಂಥ ದಪ್ಪ ಕಳ್ಳಿಗಳಿಗೆ ಬಿಸ್ನಾಗಾ ಎನ್ನುತ್ತಾರೆ. ಅದರ ತಿರುಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ, ಕುಂಬಳಕಾಯಿ ಪೇಠಾದಂಥ ಅಸಿತ್ರೋನ್ ಎಂಬ ಸಿಹಿ ಮಾಡುತ್ತಿದ್ದರು. ಜನವರಿ 6ರ ಹಬ್ಬದ ಬ್ರೆಡ್ಡಿನ ಮೇಲೆ ಅದು ಇರಲೇಬೇಕಿತ್ತು. ಒಂದು ಸಿಹಿಗಾಗಿ ಎಷ್ಟೋ ದಶಕ ಬೆಳೆದ ಗಿಡವನ್ನು ಬುಡಸಮೇತ ತೆಗೆಯುವುದು ನನಗೆ ಸಹಿಸಲಾಗದ ಮಾತು. ಈಗ ಅಲ್ಲಿ ಬಿಸ್ನಾಗಾಗಳಿಗೆ ಕಾನೂನಿನ ರಕ್ಷಣೆ ಇದೆ, ಅದು ಒಳ್ಳೆಯದೇ ಆಯಿತು. ಹಣ್ಣು ಕಿತ್ತರೆ ಗಿಡಕ್ಕೆ ಏನೂ ಆಗುವುದಿಲ್ಲ, ಬರುವ ಬೇಸಿಗೆಯ ಕೊನೆಗೆ ಮತ್ತೆ ಹೂ ಬಿಡುತ್ತದೆ.

ನಿಮ್ಮ ಅಂಗಳದ್ದನ್ನು ಕೀಳಿ, ಬೇರೆಯವರದ್ದಾದರೆ ಕೇಳಿ ಕೀಳಿ. ಎಲ್ಲವನ್ನೂ ಖಾಲಿ ಮಾಡಬೇಡಿ. ಹಕ್ಕಿ, ಅಳಿಲು, ಜಿಂಕೆ, ಕಾಡುಹಂದಿಯಂಥ ಹಾವಲೀನಾ ಎಲ್ಲವೂ ಚಳಿಗಾಲದಲ್ಲಿ ಈ ಹಣ್ಣಿಗೆ ಬರುತ್ತವೆ.